ಬಾಲ್ ಪೈಥಾನ್: ಮನೆಯಲ್ಲಿ ಸಾಕಣೆ ಮತ್ತು ಆರೈಕೆ

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲು, ಕುರುಚಲು ಕಾಡು ಹಾಗೂ ಹೊಲಗಳ ಅಂಚಿನಲ್ಲಿ ಬದುಕುವ, ವಿಷವಿಲ್ಲದ ಒಂದು ಸಣ್ಣ ಹೆಬ್ಬಾವು. ಪೈಥಾನ್ ರೀಜಿಯಸ್ ಎಂಬುದು ಇದರ ವೈಜ್ಞಾನಿಕ ಹೆಸರು. 1802ರಲ್ಲಿ ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಇದನ್ನು ಮೊದಲ ಬಾರಿಗೆ ವರ್ಣಿಸಿದಾಗ ಬೋವಾ ಕುಲಕ್ಕೆ ಸೇರಿಸಿದ್ದನು. ಇದು ಹೆಬ್ಬಾವುಗಳ ಕುಲಕ್ಕೆ ಬಂದು ಸೇರಿದ್ದು ಆಮೇಲೆ. ಲ್ಯಾಟಿನ್ ಭಾಷೆಯಲ್ಲಿ 'ರೀಜಿಯಸ್' ಎಂದರೆ ರಾಜನಿಗೆ ಸಂಬಂಧಿಸಿದ್ದು ಎಂದರ್ಥವಾದ್ದರಿಂದ ಬ್ರಿಟನ್ನಿನಲ್ಲಿ ಇದನ್ನು ರಾಯಲ್ ಪೈಥಾನ್ ಎಂದೂ, ಬೆದರಿದಾಗ ತಲೆಯನ್ನು ಸುರುಳಿಯ ನಡುವೆ ಹುದುಗಿಸಿಕೊಂಡು ಇಡೀ ಮೈಯನ್ನು ಚೆಂಡಿನಂತೆ ಬಿಗಿದುಕೊಳ್ಳುವುದರಿಂದ ಅಮೆರಿಕದಲ್ಲಿ ಬಾಲ್ ಪೈಥಾನ್ ಎಂದೂ ಕರೆಯುತ್ತಾರೆ. ಹೆಣ್ಣು ಸಾಮಾನ್ಯವಾಗಿ 1ರಿಂದ 1.5 ಮೀಟರ್ ಉದ್ದ ಬೆಳೆಯುತ್ತದೆ, ಗಂಡು ಅದಕ್ಕಿಂತ ಚಿಕ್ಕದು, 1.8 ಮೀಟರ್ ಮುಟ್ಟುವ ಹಾವು ಅಪರೂಪ. ದಪ್ಪ ಮೈ, ಸಣ್ಣ ತಲೆ, ಕಪ್ಪು ಅಥವಾ ಗಾಢ ಕಂದು ನೆಲದ ಮೇಲೆ ಹೊಂಬಣ್ಣದ ದುಂಡು ಮಚ್ಚೆಗಳು ಇದರ ಸಹಜ ರೂಪ. ಗಾತ್ರ ಚಿಕ್ಕದು, ಸ್ವಭಾವ ಸಾಧು ಎಂಬ ಎರಡು ಕಾರಣಗಳಿಂದ ಇದು ಇಂದು ಜಗತ್ತಿನಲ್ಲಿ ಅತ್ಯಂತ ಹೆಚ್ಚಾಗಿ ಸಾಕಲಾಗುವ ಹಾವುಗಳಲ್ಲಿ ಒಂದಾಗಿದೆ.

ಇದರ ಆರೈಕೆಯ ಬಹುಪಾಲು ನಿಯಮಗಳು ಒಂದೇ ಸಂಗತಿಯಿಂದ ಹುಟ್ಟುತ್ತವೆ: ಇದು ಬಿಲವಾಸಿ. ಪಶ್ಚಿಮದಲ್ಲಿ ಸೆನೆಗಲ್‌ನಿಂದ ಘಾನಾ, ಟೋಗೊ, ಬೆನಿನ್, ನೈಜೀರಿಯಗಳ ಮೂಲಕ ಪೂರ್ವದಲ್ಲಿ ಸುಡಾನ್ ಮತ್ತು ಉಗಾಂಡದವರೆಗೆ ಹರಡಿರುವ ತನ್ನ ನೆಲೆಯಲ್ಲಿ ಈ ಹಾವು ಹಗಲನ್ನು ದಂಶಕಗಳು, ಅಂದರೆ ಇಲಿ ಹೆಗ್ಗಣಗಳಂತಹ ಪ್ರಾಣಿಗಳು, ತೋಡಿಬಿಟ್ಟ ಬಿಲಗಳಲ್ಲಿ ಅಥವಾ ಗೆದ್ದಲಿನ ಹುತ್ತಗಳಲ್ಲಿ ಕಳೆದು, ಕತ್ತಲಾದ ಮೇಲೆ ಹೊರಬೀಳುತ್ತದೆ. ಹುತ್ತ ಮತ್ತು ಹಾವಿನ ನಂಟು ಕನ್ನಡಿಗರಿಗೆ ಹೊಸದಲ್ಲ. ಆದರೆ ಹುತ್ತದ ಒಳಗು ಹೇಗಿರುತ್ತದೆ ಎಂಬುದನ್ನು ಇಲ್ಲಿ ನಿಂತು ಗಮನಿಸಬೇಕು. ಹೊರಗೆ ನೆಲ ಕಾದು ಬಿರಿದಿರುವಾಗಲೂ ಒಳಗೆ ಕತ್ತಲೆ, ಏರುಪೇರಿಲ್ಲದ ಬೆಚ್ಚನೆ, ಮಣ್ಣಿನ ತೇವ, ಮೈಯನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿಯುವ ಇಕ್ಕಟ್ಟು ಇರುತ್ತವೆ. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಹಾವು ಕಂಗೆಡುತ್ತದೆ, ಆದರೆ ಅದಕ್ಕೆ ನಾಯಿಯಂತೆ ಕೂಗುವ, ಹಕ್ಕಿಯಂತೆ ಗರಿ ಕಿತ್ತುಕೊಳ್ಳುವ ದಾರಿಯಿಲ್ಲ. ಅದು ಸುಮ್ಮನೆ ಸುರುಳಿ ಸುತ್ತಿಕೊಳ್ಳುತ್ತದೆ. ಅದರ ಮೌನವನ್ನು ನೆಮ್ಮದಿಯೆಂದು ತಿಳಿಯುವುದೇ ಈ ಹಾವಿನ ಸಾಕಣೆಯಲ್ಲಿ ಆಗುವ ಅತ್ಯಂತ ದೊಡ್ಡ ತಪ್ಪು.

ತಾಯ್ನೆಲದಲ್ಲಿ ಈ ಹಾವಿನೊಂದಿಗೆ ಮನುಷ್ಯರ ಒಡನಾಟ ಸಾಕಣೆಗಿಂತ ಬಹಳ ಹಳೆಯದು. ಬೆನಿನ್ ದೇಶದ ಕರಾವಳಿ ಪಟ್ಟಣ ಉಯಿಡಾದಲ್ಲಿ ದಂಗ್ಬೆ ಎಂಬ ಸರ್ಪದೈವದ ಗುಡಿಯಿದ್ದು, ಅಲ್ಲಿ ಹತ್ತಾರು ಬಾಲ್ ಪೈಥಾನ್‌ಗಳನ್ನು ಪೂಜ್ಯವೆಂದು ಪೊರೆಯುತ್ತಾರೆ. ಗುಡಿಯಿಂದ ಹೊರಟು ಮನೆಗಳೊಳಗೆ ನುಗ್ಗಿದ ಹಾವನ್ನು ಊರವರು ಮರಳಿ ತಂದೊಪ್ಪಿಸುತ್ತಾರೆ. ನೈಜೀರಿಯದ ಇಗ್ಬೊ ಜನರಲ್ಲಿ ಹಲವರು ಇದನ್ನು ಕೊಲ್ಲುವುದಿಲ್ಲ, ಅರಿಯದೆ ಕೊಂದರೆ ಮನುಷ್ಯರಿಗೆ ಮಾಡುವಂತೆ ಸಂಸ್ಕಾರ ಮಾಡುವ ರೂಢಿಯೂ ಇದೆ. ಚಿನುವ ಅಚಿಬೆಯ 'ಆರೋ ಆಫ್ ಗಾಡ್' (1964) ಕಾದಂಬರಿಯಲ್ಲಿ ಅರ್ಚಕನ ಮಗನೊಬ್ಬನು ಪವಿತ್ರ ಹೆಬ್ಬಾವನ್ನು ಮರದ ಪೆಟ್ಟಿಗೆಯಲ್ಲಿ ಕೂಡಿಹಾಕುವುದು ಇಡೀ ಊರನ್ನು ಕಲಕುವ ಘಟನೆಯಾಗುತ್ತದೆ.

ಇದೇ ನೆಲದಿಂದಲೇ ಸಾಕು ಹಾವುಗಳ ವ್ಯಾಪಾರವೂ ಬೆಳೆಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಘಾನಾ, ಟೋಗೊ ಮತ್ತು ಬೆನಿನ್‌ಗಳಿಂದ ಲಕ್ಷಾಂತರ ಹಾವುಗಳು ಯುರೋಪು ಮತ್ತು ಅಮೆರಿಕಗಳಿಗೆ ರಫ್ತಾಗಿವೆ. ಬಸಿರಾದ ಹೆಣ್ಣುಗಳನ್ನೂ ಮೊಟ್ಟೆಗಳನ್ನೂ ಬಿಲ ಅಗೆದು ಸಂಗ್ರಹಿಸಿ, ಕೇಂದ್ರಗಳಲ್ಲಿ ಮರಿ ಮಾಡಿಸಿ ಮಾರುವ ಪದ್ಧತಿಗೆ ರ‍್ಯಾಂಚಿಂಗ್ ಎಂದು ಹೆಸರು. ಹೀಗೆ ಬಂದ ಮರಿಗಳಲ್ಲಿ ಪರೋಪಜೀವಿಗಳೂ ಆಹಾರ ನಿರಾಕರಣೆಯೂ ಹೆಚ್ಚು. ಅಳಿವಿನಂಚಿನ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಈ ಹಾವು ಸೇರಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯದ ಸಮೀಪದಲ್ಲಿರುವ ಜಾತಿಯೆಂದು ಗುರುತಿಸಿದೆ. ಸಾಕಲು ಕಾನೂನಿನ ಅನುಮತಿಯಿರುವ ದೇಶಗಳಲ್ಲಿ ಪಳಗಿದ ಸಾಕಣೆದಾರರ ಮನೆಯಲ್ಲಿಯೇ ಹುಟ್ಟಿ, ಕನಿಷ್ಠ ಕೆಲವು ಬಾರಿ ತಾನಾಗಿ ಆಹಾರ ತೆಗೆದುಕೊಂಡ ಮರಿಯನ್ನೇ ಆರಿಸಿಕೊಳ್ಳಬೇಕೆನ್ನುವುದಕ್ಕೆ ಇವೆಲ್ಲವೂ ಕಾರಣ.

ಬೆಳೆದ ಹಾವಿನ ಗೂಡು ಸುಮಾರು 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ ಮತ್ತು ಅಷ್ಟೇ ಎತ್ತರ ಇರಬೇಕೆಂಬುದು ಈಗ ಅನೇಕರು ಒಪ್ಪುವ ಅಳತೆ. ಹಾವು ಮೈ ಚಾಚಿ ಮಲಗುವಷ್ಟು ಜಾಗ ಬೇಕು. ಸಾಲು ಸಾಲಾದ ಪ್ಲಾಸ್ಟಿಕ್ ಡ್ರಾಯರುಗಳಲ್ಲಿ ಒಂದೊಂದು ಹಾವನ್ನು ಇರಿಸುವ ಪದ್ಧತಿ ವ್ಯಾಪಾರಿ ಸಾಕಣೆದಾರರಲ್ಲಿ ವ್ಯಾಪಕವಾಗಿದ್ದು, ಬಿಲವಾಸಿಗೆ ಇಕ್ಕಟ್ಟೇ ಹಿತವೆಂಬ ವಾದವನ್ನು ಅದಕ್ಕೆ ಸಮರ್ಥನೆಯಾಗಿ ಮುಂದಿಡಲಾಗುತ್ತದೆ. ಈ ವಾದ ಅರ್ಧ ಮಾತ್ರ ಸರಿ. ಹಾವಿಗೆ ಇಕ್ಕಟ್ಟು ಬೇಕಾದದ್ದು ಅಡಗಿಕೊಳ್ಳುವಾಗ; ರಾತ್ರಿಯಾದೊಡನೆ ಅದು ಬಿಲ ಬಿಟ್ಟು ಅಲೆಯುತ್ತದೆ, ಪೊದೆ ಮರಗಳನ್ನೂ ಹತ್ತುತ್ತದೆ. ನೈಜೀರಿಯದಲ್ಲಿ ನಡೆದ ಕ್ಷೇತ್ರ ಅಧ್ಯಯನಗಳಲ್ಲಿ ಗಂಡು ಹಾವುಗಳು ಹೆಣ್ಣುಗಳಿಗಿಂತ ಹೆಚ್ಚಾಗಿ ಮರವೇರಿ ಹಕ್ಕಿಗಳನ್ನು ಬೇಟೆಯಾಡುವುದು ಕಂಡುಬಂದಿದೆ. ಆದ್ದರಿಂದ ದೊಡ್ಡ ಗೂಡಿನೊಳಗೆ ಸಣ್ಣ ಅಡಗುದಾಣಗಳನ್ನು ಒದಗಿಸುವುದೇ ಸರಿಯಾದ ದಾರಿ. ಬೆಚ್ಚಗಿನ ಬದಿಗೆ ಒಂದು, ತಂಪು ಬದಿಗೆ ಒಂದು, ಹೀಗೆ ಕನಿಷ್ಠ ಎರಡು ಮರೆಗಳು ಬೇಕು. ಒಂದೇ ಇದ್ದರೆ ಹಾವು ಬೆಚ್ಚನೆ ಬೇಕೋ ಭದ್ರತೆ ಬೇಕೋ ಎಂದು ಆರಿಸಿಕೊಳ್ಳಬೇಕಾಗುತ್ತದೆ, ಮತ್ತು ಅದು ಹೆಚ್ಚಾಗಿ ಭದ್ರತೆಯನ್ನೇ ಆರಿಸಿಕೊಂಡು ಮೈ ಕೆಡಿಸಿಕೊಳ್ಳುತ್ತದೆ. ಮರೆಯ ಬಾಯಿ ಕಿರಿದಾಗಿದ್ದು, ಒಳಗೆ ಸುತ್ತಿಕೊಂಡ ಹಾವಿನ ಮೈ ಗೋಡೆಗಳಿಗೆ ತಾಗುವಂತಿರಬೇಕು. ಹತ್ತಲು ಗಟ್ಟಿಯಾದ ಕೊಂಬೆ, ನಡುವೆ ಹರಡಿದ ಎಲೆ ತೊಗಟೆಗಳು, ಮುಚ್ಚಳಕ್ಕೆ ಭದ್ರವಾದ ಬೀಗ ಇವೂ ಇರಬೇಕು. ತಲೆ ತೂರುವಷ್ಟು ಸಂದು ಸಿಕ್ಕಿದರೆ ಹಾವು ಹೊರಗೆ ಹೋದಂತೆಯೇ. ಒಂದು ಗೂಡಿಗೆ ಒಂದೇ ಹಾವು.

ಹಾವು ಮೈಗೆ ಬೇಕಾದಷ್ಟು ಶಾಖವನ್ನು ತಾನೇ ಉತ್ಪಾದಿಸಿಕೊಳ್ಳದೆ ಸುತ್ತಲಿನಿಂದ ಪಡೆಯುವ ಪ್ರಾಣಿಯಾದ್ದರಿಂದ, ಬೆಚ್ಚಗಾಗಬೇಕೆನಿಸಿದಾಗ ಬಿಸಿಯ ಕಡೆಗೂ ಸಾಕೆನಿಸಿದಾಗ ತಂಪಿನ ಕಡೆಗೂ ಸರಿದಾಡಲು ಅದಕ್ಕೆ ಅವಕಾಶವಿರಬೇಕು. ಗೂಡಿನ ಒಂದು ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25ರಿಂದ 27 ಡಿಗ್ರಿ ಇರುವಂತೆ ನೋಡಿಕೊಳ್ಳುವುದು ವಾಡಿಕೆ. ಈ ಇಳಿಜಾರನ್ನು ತಾಪಶ್ರೇಣಿ ಎನ್ನುತ್ತಾರೆ. ಜೀರ್ಣಕ್ರಿಯೆಯ ವೇಗ, ರೋಗದೊಂದಿಗೆ ಹೋರಾಡುವ ಶಕ್ತಿ ಎರಡೂ ಇದನ್ನೇ ಅವಲಂಬಿಸಿವೆ. ತಣ್ಣಗಿರುವ ಹಾವಿನ ಹೊಟ್ಟೆಯಲ್ಲಿ ನುಂಗಿದ ಇಲಿ ಕರಗುವ ಮೊದಲೇ ಕೊಳೆಯತೊಡಗಿ, ಹಾವು ಅದನ್ನು ಕಕ್ಕಿಬಿಡುವುದುಂಟು. ಬೆಳಕು ಬೀರದ ಸೆರಾಮಿಕ್ ಹೀಟರ್, ಚಾವಣಿಗೆ ಬಿಗಿಯುವ ಶಾಖದ ಫಲಕ, ಹಗಲಿಗೆ ಹ್ಯಾಲೊಜನ್ ದೀಪ, ಯಾವುದನ್ನೇ ಬಳಸಿದರೂ ಅದನ್ನು ಥರ್ಮೋಸ್ಟಾಟಿಗೆ, ಅಂದರೆ ನಿಗದಿತ ಉಷ್ಣತೆ ಮುಟ್ಟಿದೊಡನೆ ವಿದ್ಯುತ್ತನ್ನು ತಗ್ಗಿಸುವ ಇಲ್ಲವೇ ಕಡಿಯುವ ಉಪಕರಣಕ್ಕೆ, ಜೋಡಿಸದೆ ಇರಕೂಡದು. ಹಾವುಗಳು ಹೊಟ್ಟೆಯಡಿಯ ವಿಪರೀತ ಬಿಸಿಯಿಂದ ಬೇಗನೆ ಸರಿದುಕೊಳ್ಳುವುದಿಲ್ಲ. ಬಿಸಿಗಲ್ಲು ಎಂದು ಮಾರಲಾಗುವ ಕೃತಕ ಬಂಡೆಗಳ ಮೇಲೆ ಮಲಗಿ ಹೊಟ್ಟೆಯ ಚರ್ಮವೇ ಸುಟ್ಟುಹೋದ ಹಾವುಗಳನ್ನು ಪಶುವೈದ್ಯರು ಮತ್ತೆ ಮತ್ತೆ ಕಾಣುತ್ತಾರೆ. ರಾತ್ರಿ ಉಷ್ಣತೆ ಒಂದೆರಡು ಡಿಗ್ರಿ ಇಳಿಯಬಹುದು. ಹಗಲು ರಾತ್ರಿಗಳ ಲಯ ತಿಳಿಯುವಂತೆ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಪೂರ್ಣ ಕತ್ತಲೆ ಸಾಕು; ಕೆಂಪು, ನೀಲಿ ದೀಪಗಳನ್ನು ರಾತ್ರಿಯಿಡೀ ಉರಿಸುವುದರಿಂದ ಹಾವಿಗೆ ಉಪಕಾರವಿಲ್ಲ.

ಗಾಳಿಯ ತೇವಾಂಶ ಶೇಕಡ 60ರಿಂದ 75ರಷ್ಟು ಇರಬೇಕು. ನೆಲಕ್ಕೆ ಹಾಸಲು ತೆಂಗಿನ ನಾರಿನ ಪುಡಿ, ಮರದ ತೊಗಟೆಯ ಚೂರು, ಸೈಪ್ರೆಸ್ ಮರದ ಹೊಟ್ಟು ಇವು ನೀರನ್ನು ಹಿಡಿದಿಟ್ಟು ನಿಧಾನವಾಗಿ ಆವಿಯಾಗಿ ಬಿಡುವುದರಿಂದ ಒಳ್ಳೆಯವು. ಸೀಡರ್ ಮರದ ಹೊಟ್ಟಿನಲ್ಲಿರುವ ಸುವಾಸನೆಯ ಎಣ್ಣೆ ಹಾವಿನ ಶ್ವಾಸಕೋಶಕ್ಕೆ ಹಾನಿಕರ. ಮೇಲ್ಪದರ ಒದ್ದೆಯಾಗದೆ ಅಡಿಯ ಪದರ ಮಾತ್ರ ನೆನೆಯುವಂತೆ ಮೂಲೆಗಳಿಂದ ನೀರು ಸುರಿಯುವುದು ನುರಿತವರ ಕ್ರಮ, ಏಕೆಂದರೆ ಸದಾ ಒದ್ದೆಯಾದ ನೆಲದ ಮೇಲೆ ಮಲಗಿದರೆ ಹೊಟ್ಟೆಯಡಿಯ ಹುರುಪೆಗಳು ಕೊಳೆಯುತ್ತವೆ. ತೇವಾಂಶ ಸರಿಯಿದೆಯೇ ಎಂಬುದನ್ನು ಅಳತೆಯ ಉಪಕರಣಕ್ಕಿಂತ ಖಚಿತವಾಗಿ ಹಾವಿನ ಪೊರೆಯೇ ಹೇಳುತ್ತದೆ. ಪೊರೆ ಬಿಡುವ ಕೆಲವು ದಿನಗಳ ಮೊದಲು ಹಾವಿನ ಬಣ್ಣ ಮಂಕಾಗಿ, ಕಣ್ಣುಗಳ ಮೇಲೆ ನೀಲಿ ಮಿಶ್ರಿತ ಬೂದು ಮಬ್ಬು ಕವಿಯುತ್ತದೆ; ಹಳೆಯ ಮತ್ತು ಹೊಸ ಚರ್ಮಗಳ ನಡುವೆ ದ್ರವ ತುಂಬಿಕೊಳ್ಳುವುದೇ ಇದಕ್ಕೆ ಕಾರಣ. ಮಬ್ಬು ತಿಳಿಯಾದ ಮೇಲೆ ಹಾವು ಮೂತಿಯನ್ನು ಒರಟು ವಸ್ತುವಿಗೆ ಉಜ್ಜಿ, ಕಾಲುಚೀಲ ಕಳಚಿದಂತೆ ಪೊರೆಯನ್ನು ಒಳಹೊರಗಾಗಿ ಬಿಟ್ಟು ಹೊರಬರುತ್ತದೆ. ಆರೋಗ್ಯವಂತ ಹಾವಿನ ಪೊರೆ ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡಾಗಿರುತ್ತದೆ. ಹಾವಿಗೆ ರೆಪ್ಪೆಗಳಿಲ್ಲ, ಕಣ್ಣನ್ನು ಪಾರದರ್ಶಕವಾದ ಒಂದು ಹುರುಪೆ ಮುಚ್ಚಿರುತ್ತದೆ. ಪೊರೆ ಚೂರು ಚೂರಾಗಿ ಬಂದಾಗ ಈ ಕಣ್ಪರೆ ಉಳಿದುಹೋಗುವ ಅಪಾಯವಿರುವುದರಿಂದ ಕಳಚಿದ ಪೊರೆಯಲ್ಲಿ ಅದು ಇದೆಯೇ ಎಂದು ನೋಡಬೇಕು. ಉಳಿದಿದ್ದರೆ ಉಗುರಿನಿಂದ ಕೀಳಲು ಹೋಗದೆ ತೇವ ಹೆಚ್ಚಿಸಿ ಮುಂದಿನ ಪೊರೆಗೆ ಕಾಯುವುದು ಅಥವಾ ವೈದ್ಯರಿಗೆ ತೋರಿಸುವುದು ಲೇಸು.

ಆಹಾರದ ವಿಷಯದಲ್ಲಿ ಈ ಹಾವು ಸಾಕಣೆದಾರರನ್ನು ಚಿಂತೆಗೀಡುಮಾಡುವಷ್ಟು ಬೇರೆ ಯಾವ ವಿಷಯದಲ್ಲಿಯೂ ಮಾಡುವುದಿಲ್ಲ. ಸಹಜ ನೆಲೆಯಲ್ಲಿ ಇದು ಸಣ್ಣ ಸಸ್ತನಿಗಳನ್ನೂ ಹಕ್ಕಿಗಳನ್ನೂ ತಿನ್ನುತ್ತದೆ. ಹಾಲನ್ನಾಗಲಿ ಸಸ್ಯಾಹಾರವನ್ನಾಗಲಿ ಇದಕ್ಕೆ ಕೊಡುವಂತಿಲ್ಲ, ಶುದ್ಧ ನೀರಿನ ಬಟ್ಟಲು ಮಾತ್ರ ಸದಾ ಇರಬೇಕು. ಸಾಕಿದ ಹಾವಿಗೆ ಶೈತ್ಯೀಕರಿಸಿಟ್ಟ ಇಲಿಯನ್ನು ಪೂರ್ತಿಯಾಗಿ ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದನೆಯ ಚಿಮಟದಿಂದ ಹಿಡಿದು ಕೊಡುವುದು ರೂಢಿ. ಬೆಚ್ಚಗೆ ಮಾಡುವುದರ ಹಿಂದೆ ಕಾರಣವಿದೆ: ಈ ಹಾವಿನ ಮೇಲ್ದುಟಿಯ ಅಂಚಿನಲ್ಲಿ ಸಾಲಾಗಿ ಉಷ್ಣಗ್ರಾಹಿ ಕುಳಿಗಳಿದ್ದು, ಬಿಸಿರಕ್ತದ ಪ್ರಾಣಿ ಹೊಮ್ಮಿಸುವ ಅವಕೆಂಪು ಕಿರಣಗಳನ್ನು ಕಗ್ಗತ್ತಲೆಯಲ್ಲಿಯೂ ಅದು ಗ್ರಹಿಸುತ್ತದೆ, ತಣ್ಣಗಿರುವ ಇಲಿ ಅದರ ಪಾಲಿಗೆ ಬೇಟೆಯೇ ಅಲ್ಲ. ಜೀವಂತ ಇಲಿಯನ್ನು ಗೂಡಿನೊಳಗೆ ಬಿಡುವುದು ಇಲಿಗೆ ಹಿಂಸೆಯಾಗುವುದರ ಜೊತೆಗೆ ಹಾವಿಗೂ ಅಪಾಯಕಾರಿ, ಏಕೆಂದರೆ ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಬೆನ್ನು, ಕಣ್ಣುಗಳನ್ನು ಗಾಯಗೊಳಿಸಬಲ್ಲದು. ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪನೆಯ ಭಾಗವನ್ನು ಮೀರಬಾರದು. ಮರಿಗಳಿಗೆ ತಮ್ಮ ತೂಕದ ಶೇಕಡ 10ರಿಂದ 15ರಷ್ಟು ತೂಗುವ ಆಹಾರವನ್ನು ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಕೊಟ್ಟರೆ, ಬೆಳೆದ ಹಾವಿಗೆ ಶೇಕಡ 5ರ ಆಸುಪಾಸಿನ ಇಲಿಯನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಟ್ಟರೆ ಸಾಕು. ಅಕ್ಕರೆಯಿಂದ ಹೆಚ್ಚು ತಿನ್ನಿಸಿ ಬೊಜ್ಜು ಬರಿಸುವುದೂ ಒಂದು ಬಗೆಯ ಅಲಕ್ಷ್ಯವೇ. ಬಾಗಿದಾಗ ಹುರುಪೆಗಳ ನಡುವೆ ಚರ್ಮ ಕಾಣುವಷ್ಟು ಉಬ್ಬಿದ ಹಾವು ಆರೋಗ್ಯವಂತ ಹಾವಲ್ಲ.

ಇಷ್ಟೆಲ್ಲ ಸರಿಯಿದ್ದರೂ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸವಿರುವುದುಂಟು. ಚಳಿಗಾಲದಲ್ಲಿ, ಬೆದೆಯ ಕಾಲದಲ್ಲಿ, ಬಸಿರಾದಾಗ, ಪೊರೆ ಬಿಡುವ ಮುನ್ನ, ಹೊಸ ಮನೆಗೆ ಬಂದ ಆರಂಭದಲ್ಲಿ ಹೀಗಾಗುವುದು ಸಹಜ. ಈ ಜಾತಿ ವರ್ಷದ ಒಂದು ಭಾಗವನ್ನು ಬಿಲದಲ್ಲಿ ಏನೂ ತಿನ್ನದೆ ಕಳೆಯಲು ಒಗ್ಗಿಕೊಂಡಿದ್ದು, ಅದರ ಮೈ ಆ ಅವಧಿಯಲ್ಲಿ ಬಹಳ ಮಿತವಾಗಿ ಶಕ್ತಿಯನ್ನು ವ್ಯಯಿಸುತ್ತದೆ. ಹಾವನ್ನು ಹದಿನೈದು ದಿನಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಂತಹ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳುವುದೇ ಇಂಥ ಹೊತ್ತಿನಲ್ಲಿ ನಂಬತಕ್ಕ ದಾರಿ: ತೂಕ ನಿಂತಲ್ಲೇ ನಿಂತಿದ್ದರೆ ಕಾಯಬಹುದು, ಶೇಕಡ 10ಕ್ಕಿಂತ ಹೆಚ್ಚು ಇಳಿದರೆ ಅಥವಾ ಬೆನ್ನುಮೂಳೆ ಏಣಿನಂತೆ ಎದ್ದು ಕಂಡರೆ ವೈದ್ಯರ ಬಳಿಗೆ ಹೋಗಬೇಕು. ಮರಿಗಳಿಗೆ ಈ ಸಹನೆ ಅನ್ವಯಿಸದು, ಅವುಗಳ ಕೂಡಿಟ್ಟ ಕೊಬ್ಬು ಕಡಿಮೆ. ಆಹಾರ ನಿರಾಕರಿಸಿದ ಹಾವಿನ ಮುಂದೆ ದಿನದಿನವೂ ಇಲಿ ಹಿಡಿದು ನಿಲ್ಲುವುದು ಅದರ ಹೆದರಿಕೆಯನ್ನು ಹೆಚ್ಚಿಸುತ್ತದೆಯೇ ಹೊರತು ಹಸಿವನ್ನಲ್ಲ. ಹತ್ತು ಹದಿನೈದು ದಿನ ಬಿಟ್ಟು, ಅಷ್ಟರಲ್ಲಿ ಉಷ್ಣತೆ, ತೇವಾಂಶ, ಮರೆಗಳನ್ನು ಪರೀಕ್ಷಿಸುವುದು ಉತ್ತಮ. ಬಿಳಿ ಇಲಿಯನ್ನು ಮೂಸಿಯೂ ನೋಡದ ಹಾವುಗಳು ತಮ್ಮ ನಾಡಿನದೇ ಆದ ಮ್ಯಾಸ್ಟೊಮಿಸ್ ಎಂಬ ಮೃದುರೋಮದ ಇಲಿಯನ್ನು ತಟ್ಟನೆ ಹಿಡಿಯುವುದೂ ಉಂಟು.

ಕೈಗೆತ್ತಿಕೊಳ್ಳುವಾಗ ಮೇಲಿನಿಂದ ತಲೆಯ ಕಡೆಗೆ ಕೈ ಹಾಕದೆ ಪಕ್ಕದಿಂದ ನಡು ಮೈಯನ್ನು ಎರಡೂ ಕೈಗಳಲ್ಲಿ ಆತುಕೊಳ್ಳಬೇಕು, ಏಕೆಂದರೆ ಹದ್ದು ಗೂಬೆಗಳು ಎರಗುವುದು ಮೇಲಿನಿಂದಲೇ. ಹೊಸ ಹಾವನ್ನು ಮೊದಲ ಒಂದೆರಡು ವಾರ ಮುಟ್ಟಬಾರದು. ಆಹಾರ ನುಂಗಿದ ಮೇಲೆ 48 ಗಂಟೆಗಳು, ಪೊರೆ ಬಿಡುವ ದಿನಗಳು ಇದೇ ರೀತಿ ವರ್ಜ್ಯ. ಈ ಹಾವು ಮನುಷ್ಯರ ಸ್ಪರ್ಶವನ್ನು ಸಹಿಸಲು ಕಲಿಯುತ್ತದೆ. ಅದನ್ನು ಬಯಸುತ್ತದೆ ಎನ್ನಲು ಆಧಾರವಿಲ್ಲ. ಉರಗಗಳ ಕರುಳಿನಲ್ಲಿ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಇರುವುದು ಸಾಮಾನ್ಯವಾದ್ದರಿಂದ ಮುಟ್ಟಿದ ಬಳಿಕ ಸೋಪಿನಿಂದ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಹಾಗೂ ರೋಗನಿರೋಧಕ ಶಕ್ತಿ ಕುಂದಿದವರು ದೂರವಿರಬೇಕು.

ಹಾವಿಗೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ, ಇಲ್ಲವಾದ್ದರಿಂದ ಅದು ನಮ್ಮಂತೆ ಕೆಮ್ಮಿ ಕಫವನ್ನು ಹೊರಹಾಕಲಾರದು. ಶ್ವಾಸಕೋಶದಲ್ಲಿ ನಿಂತ ಲೋಳೆ ಅಲ್ಲಿಯೇ ನಂಜಾಗುತ್ತದೆ. ಆದ್ದರಿಂದ ಉಸಿರಾಟದಲ್ಲಿ ಸಿಳ್ಳೆಯಂಥ ಸದ್ದು, ಮೂಗು ಬಾಯಿಗಳಲ್ಲಿ ಗುಳ್ಳೆ, ಬಾಯಿ ತೆರೆದು ಮೂತಿಯನ್ನು ಮೇಲೆತ್ತಿ ಉಸಿರಾಡುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಉರಗಗಳ ಚಿಕಿತ್ಸೆ ಬಲ್ಲ ಪಶುವೈದ್ಯರಿಗೆ ತೋರಿಸಬೇಕು. ಹೆಚ್ಚಿನ ಶ್ವಾಸರೋಗಗಳ ಹಿನ್ನೆಲೆಯಲ್ಲಿ ತಣ್ಣಗಿನ, ಗಾಳಿಯಾಡದ ಗೂಡು ಇರುತ್ತದೆಯಾದರೂ, 2014ರಲ್ಲಿ ಬಾಲ್ ಪೈಥಾನ್‌ಗಳಲ್ಲಿಯೇ ಪತ್ತೆಯಾದ ನೈಡೊವೈರಸ್ ಎಂಬ ಗುಂಪಿನ ವೈರಸ್ಸುಗಳು ಮಾರಣಾಂತಿಕ ನ್ಯುಮೋನಿಯವನ್ನು ಉಂಟುಮಾಡುತ್ತವೆಂದು ತಿಳಿದ ಮೇಲೆ ಹೊಸ ಹಾವುಗಳನ್ನು ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿರಿಸುವ ಪದ್ಧತಿ ಬಿಗಿಯಾಗಿದೆ. ಹುರುಪೆಗಳ ಸಂದಿಯಲ್ಲಿ, ನೀರಿನ ಬಟ್ಟಲಿನ ತಳದಲ್ಲಿ ಕಾಣುವ ಕರಿಯ ಚುಕ್ಕೆಗಳು ರಕ್ತ ಹೀರುವ ಹಾವು ನುಸಿಗಳು. ಹಾವು ದಿನವಿಡೀ ನೀರಿನಲ್ಲಿ ಮುಳುಗಿ ಕುಳಿತರೆ ಮೊದಲು ಇವುಗಳನ್ನೇ ಶಂಕಿಸಬೇಕು.

ಸಂತಾನಾಭಿವೃದ್ಧಿ ಅನುಭವಿಗಳ ಕೆಲಸ. ಹೆಣ್ಣು ಒಮ್ಮೆಗೆ ಸಾಮಾನ್ಯವಾಗಿ 3ರಿಂದ 11 ಮೊಟ್ಟೆಗಳನ್ನಿಟ್ಟು ಅವುಗಳ ಸುತ್ತ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಸುಮಾರು ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ಭಾರತದ ಹೆಬ್ಬಾವು ಮೈಯ ಸ್ನಾಯುಗಳನ್ನು ನಡುಗಿಸಿ ಶಾಖ ಹುಟ್ಟಿಸಿ ಮೊಟ್ಟೆಗಳಿಗೆ ಕಾವು ಕೊಡುತ್ತದೆ. ಬಾಲ್ ಪೈಥಾನ್ ಹಾಗೆ ಮಾಡದು, ಅದರ ಸುರುಳಿ ಮುಖ್ಯವಾಗಿ ಮೊಟ್ಟೆಗಳ ತೇವ ಆರದಂತೆ ಕಾಯುತ್ತದೆ. ಸಾಕಣೆದಾರರ ಗಮನ ಇರುವುದು ಬಣ್ಣಗಳ ಮೇಲೆ. 1992ರಲ್ಲಿ ಅಮೆರಿಕದಲ್ಲಿ ಬಿಳಿಚು ಗುಣ, ಅಂದರೆ ಕಪ್ಪು ವರ್ಣದ್ರವ್ಯವಿಲ್ಲದಿರುವುದು, ಆನುವಂಶಿಕವೆಂದು ಸಾಕಣೆಯಲ್ಲಿ ಸಿದ್ಧವಾದಂದಿನಿಂದ ಮಾರ್ಫ್ ಎಂದು ಕರೆಯಲಾಗುವ ಸಾವಿರಾರು ಬಣ್ಣ ಮತ್ತು ಚಿತ್ತಾರದ ಬಗೆಗಳನ್ನು ಬೆಳೆಸಲಾಗಿದೆ. ಇವುಗಳಲ್ಲಿ ಸ್ಪೈಡರ್ ಎಂಬ ಬಗೆಯ ಕತೆ ಮರುಕ ಹುಟ್ಟಿಸುವಂಥದು. ಜೇಡರ ಬಲೆಯಂತಹ ತೆಳುಗೆರೆಗಳನ್ನು ಕೊಡುವ ಜೀನ್ ಒಳಕಿವಿಯ ರಚನೆಯನ್ನೂ ಕೆಡಿಸುವುದರಿಂದ ಈ ಹಾವುಗಳ ತಲೆ ಓಲಾಡುತ್ತದೆ, ಕೆಲವು ಬೆನ್ನಡಿಯಾಗಿ ಉರುಳುತ್ತವೆ, ಬೇಟೆಯ ಗುರಿ ತಪ್ಪುತ್ತವೆ. ದೋಷದ ಪ್ರಮಾಣ ಹೆಚ್ಚು ಕಡಿಮೆಯಾಗಬಹುದು, ಆದರೆ ಚಿತ್ತಾರವನ್ನು ಉಳಿಸಿಕೊಂಡು ಅದನ್ನು ತೆಗೆದುಹಾಕಲು ಸಾಧ್ಯವಾಗಿಲ್ಲ. ಬಣ್ಣಕ್ಕಾಗಿ ಸಮತೋಲ ಕಳೆದುಕೊಂಡ ಪ್ರಾಣಿಯನ್ನು ಹುಟ್ಟಿಸುವುದಕ್ಕೆ ಸಮರ್ಥನೆಯಿಲ್ಲ.

ಭಾರತದಲ್ಲಿ ಕಾನೂನಿನ ಸ್ಥಿತಿಯನ್ನು ತಿಳಿಯದೆ ಈ ಹಾವನ್ನು ಕೊಳ್ಳಲು ಹೊರಡುವುದು ಅಪಾಯಕರ. ಇಲ್ಲಿನ ಹೆಬ್ಬಾವುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದ್ದು, ಅವುಗಳನ್ನು ಹಿಡಿಯುವುದಾಗಲಿ ಸಾಕುವುದಾಗಲಿ ಅಪರಾಧ. ಬಾಲ್ ಪೈಥಾನ್ ವಿದೇಶಿ ಜಾತಿ. 2022ರ ತಿದ್ದುಪಡಿಯು ಸೈಟಿಸ್ ಪಟ್ಟಿಯ ಜೀವಿಗಳನ್ನು ನಾಲ್ಕನೆಯ ಅನುಸೂಚಿಗೆ ತಂದಿತು, 2024ರ ನಿಯಮಗಳು ಅಂಥ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ಪರಿವೇಶ್ ಜಾಲತಾಣದ ಮೂಲಕ ವಿವರ ಸಲ್ಲಿಸಿ ನೋಂದಾಯಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಿದವು. ಪರವಾನಗಿಯಿಲ್ಲದ ಆಮದು ಕಳ್ಳಸಾಗಣೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ ವಿವಿಧ ಬಣ್ಣಗಳ 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು ಮತ್ತು ಉಸಿರು ನಿಂತಿದ್ದ ಆರು ಕಪುಚಿನ್ ಕೋತಿಗಳು ಸೀಮಾಸುಂಕ ಅಧಿಕಾರಿಗಳಿಗೆ ಸಿಕ್ಕಿದವು. ಸಾಕಲಾಗದೆ ಹೋದ ಹಾವನ್ನು ಕಾಡಿಗೋ ಕೆರೆಯ ದಂಡೆಗೋ ಬಿಡುವುದು ಮತ್ತೊಂದು ಅನಾಹುತ. ಅಮೆರಿಕದ ಫ್ಲಾರಿಡಾದಲ್ಲಿ ನೆಲೆಯೂರಿದ ಬರ್ಮಾ ಹೆಬ್ಬಾವುಗಳು ಅಲ್ಲಿನ ಸಸ್ತನಿಗಳನ್ನು ತಿಂದದ್ದಷ್ಟೇ ಅಲ್ಲದೆ ತಮ್ಮೊಂದಿಗೆ ತಂದ ಶ್ವಾಸಕೋಶದ ಪರೋಪಜೀವಿಯೊಂದನ್ನು ಅಲ್ಲಿನ ನಾಡ ಹಾವುಗಳಿಗೂ ಹಬ್ಬಿಸಿವೆ. ಸಾಕಲಾಗದ ಹಾವನ್ನು ಅರಣ್ಯ ಇಲಾಖೆಯ ಗಮನಕ್ಕೆ ತರುವುದೊಂದೇ ಇರುವ ದಾರಿ.

ಸರಿಯಾದ ಆರೈಕೆಯಲ್ಲಿ ಬಾಲ್ ಪೈಥಾನ್ 20ರಿಂದ 30 ವರ್ಷ ಬದುಕುತ್ತದೆ. ಆದ್ದರಿಂದ ಮಗುವಿನ ಹಟಕ್ಕೆ ತಂದ ಮರಿ ಆ ಮಗು ಓದು ಮುಗಿಸಿ, ಮನೆ ಬಿಟ್ಟು, ಸಂಸಾರ ಹೂಡಿದ ಮೇಲೆಯೂ ಅದೇ ಗೂಡಿನಲ್ಲಿ ಇರುತ್ತದೆ. ಇದಕ್ಕೂ ಮೀರಿದ ಆಯಸ್ಸಿನ ಉದಾಹರಣೆಗಳಿವೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಒಬ್ಬ ಖಾಸಗಿ ಸಾಕಣೆದಾರರು ಕೊಟ್ಟ ಹೆಣ್ಣು ಹಾವೊಂದು, ಕನಿಷ್ಠ 15 ವರ್ಷಗಳಿಂದ ಯಾವ ಗಂಡನ್ನೂ ಕೂಡದಿದ್ದರೂ, 60 ದಾಟಿದ ವಯಸ್ಸಿನಲ್ಲಿ, 2020ರ ಜುಲೈ ತಿಂಗಳಲ್ಲಿ ಏಳು ಮೊಟ್ಟೆಗಳನ್ನಿಟ್ಟಿತು. ಗಂಡಿನ ನೆರವಿಲ್ಲದೆ ಭ್ರೂಣ ಬೆಳೆಯುವ ಅನಿಷೇಕಜನನವೇ ಇದು, ಅಥವಾ ವರ್ಷಗಳ ಹಿಂದೆ ಮೈಯಲ್ಲಿ ಉಳಿಸಿಕೊಂಡ ವೀರ್ಯದ ಫಲವೇ ಎಂಬುದನ್ನು ತಿಳಿಯಲು ಎರಡು ಮೊಟ್ಟೆಗಳನ್ನು ತಳಿಪರೀಕ್ಷೆಗೆ ತೆಗೆದು, ಮೂರನ್ನು ಕಾವುಪೆಟ್ಟಿಗೆಯಲ್ಲಿ ಇರಿಸಲಾಯಿತು.